ಮರುತ್ತುಗಳನ್ನು ಓದುವುದು ಹೇಗೆ: ಋಗ್ವೇದದ ಗಾಳಿ-ಗುಡುಗಿನ ಸೂಕ್ತಗಳಿಗೆ ಒಂದು ದಾರಿ

ಋಗ್ವೇದ ಓದಬೇಕು ಅಂತ ಆಸೆಪಟ್ಟವರು ಸಾಮಾನ್ಯವಾಗಿ ಮೊದಲ ಪುಟದಿಂದಲೇ ಶುರು ಮಾಡುತ್ತಾರೆ. 'ಅಗ್ನಿಮೀಳೇ'ಯಿಂದ ಹೊರಟು, ಹತ್ತಿಪ್ಪತ್ತು ಸೂಕ್ತ ಆಗುವಷ್ಟರಲ್ಲಿ ಸುಸ್ತಾಗಿ ಪುಸ್ತಕ ಮುಚ್ಚಿಡುತ್ತಾರೆ. ಅವರ ತಪ್ಪೇನಲ್ಲ. 10 ಮಂಡಲ (ಅಂದರೆ ಭಾಗ), 1028 ಸೂಕ್ತ (ಅಂದರೆ ಸ್ತೋತ್ರ). ಮೊದಲಿಂದ ಕೊನೆಗೆ ಓದಲಿ ಅಂತ ಯಾರೂ ಅದನ್ನು ಜೋಡಿಸಿಟ್ಟಿಲ್ಲ.

ನಮ್ಮ ಮನೆ ಜಗಲಿಯಲ್ಲಿ ಗುರುವಾರ ಸಂಜೆ ನಾಲ್ಕೈದು ಜನ ಸೇರಿ ಓದುತ್ತೇವೆ. ವೇದಪಾಠ ಆದವರು ಒಬ್ಬರೂ ಇಲ್ಲ. ಸಂಸ್ಕೃತ ಬರುವವರು ಅರ್ಧದಷ್ಟು ಇರಬಹುದು. ಹೊಸಬರು ಬಂದರೆ ನಾನು ಮೊದಲು ಕೈಗೆ ಕೊಡುವುದು ಗಾಳಿ, ಗುಡುಗು, ಮಳೆಯ ಸೂಕ್ತಗಳನ್ನೇ. ಯಜ್ಞಕ್ಕೆ ಸೋಮವೆಂಬ ಗಿಡದ ರಸ ಹಿಂಡಿದವರು ನಮ್ಮಲ್ಲಿ ಯಾರೂ ಇಲ್ಲ. ಗುಡುಗು ಕೇಳದವರೂ ಯಾರೂ ಇಲ್ಲ, ಅಲ್ವಾ?

ಮೊದಲು ಬೇಕಾದ ಸಾಮಾನು. ಮೂಲದ ಜೊತೆಗೆ ಪದಪಾಠವೂ ಇರುವ ಪುಸ್ತಕ ಹುಡುಕಿ. ಪದಪಾಠ ಅಂದರೆ ಸಂಧಿ ಬಿಡಿಸಿ ಒಂದೊಂದೇ ಪದ ಇಟ್ಟಿರುವುದು. ಶಾಕಲ್ಯ ಎಂಬ ಪ್ರಾಚೀನ ವಿದ್ವಾಂಸರು ಮಾಡಿದ್ದು. ಕನ್ನಡಿಗರ ಭಾಗ್ಯ, ಮೈಸೂರಿನಿಂದ ಬಂದ ಜಯಚಾಮರಾಜೇಂದ್ರ ವೇದರತ್ನಮಾಲೆಯಲ್ಲಿ ಮೂಲ, ಪದಪಾಠ, ಸಾಯಣರು ಬರೆದ ಭಾಷ್ಯ (ವಿವರಣೆ), ಕನ್ನಡ ಅರ್ಥ ಎಲ್ಲ ಕನ್ನಡ ಲಿಪಿಯಲ್ಲೇ ಇದೆ. ಹಳೆಯ ಗ್ರಂಥಾಲಯದಲ್ಲಿ ಕೇಳಿ ನೋಡಿ. ಜೊತೆಗೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್. ಪೆನ್ ಬೇಡ, ತಿದ್ದುವುದು ಜಾಸ್ತಿ ಇರುತ್ತದೆ.

ವಿಳಾಸ ಓದುವುದು ಸುಲಭ. 1.38.9 ಅಂದರೆ ಒಂದನೇ ಮಂಡಲ, 38ನೇ ಸೂಕ್ತ, 9ನೇ ಮಂತ್ರ. ಪ್ರತಿ ಸೂಕ್ತದ ತಲೆಯಲ್ಲಿ ಋಷಿ, ದೇವತೆ, ಛಂದಸ್ಸು ಅಂತ ಮೂರು ವಿವರ ಇರುತ್ತವೆ. ಅದನ್ನು ಹಾರಿಸಬೇಡಿ. ಯಾರು ಹಾಡುತ್ತಿದ್ದಾರೆ, ಯಾರಿಗೆ, ಯಾವ ಲಯದಲ್ಲಿ ಅಂತ ಅಲ್ಲೇ ಗೊತ್ತಾಗುತ್ತದೆ. ಅಕ್ಷರದ ಮೇಲೆ ಕೆಳಗೆ ಕಾಣುವ ಗೆರೆಗಳು ಸ್ವರದ ಗುರುತು. ಅರ್ಥಕ್ಕಾಗಿ ಓದುವಾಗ ಅವನ್ನು ಪಕ್ಕಕ್ಕಿಡಿ. ಪಠಣ ಮಾಡಬೇಕು ಅಂತಿದ್ದರೆ ಗುರು ಬೇಕೇ ಬೇಕು, ಪುಸ್ತಕ ನೋಡಿ ಅದು ಬರುವುದಿಲ್ಲ.

ಈಗ ಮನೆಮಂದಿಯ ಪರಿಚಯ. ಮರುತ್ತುಗಳು ಗಾಳಿ-ಗುಡುಗಿನ ದೇವತೆಗಳ ಒಂದು ಗುಂಪು, ಯಾವಾಗಲೂ ಬಹುವಚನ. ಅಪ್ಪ ರುದ್ರ, ತಾಯಿ ಪೃಶ್ನಿ ಎಂಬ ಚುಕ್ಕೆ ಹಸು. ರೋದಸೀ ಎಂಬುವಳು ಅವರ ರಥದಲ್ಲಿ ಜೊತೆಗಿರುತ್ತಾಳೆ. ಮಳೆ ಸುರಿಸುವವನು ಪರ್ಜನ್ಯ. ಬೀಸುವ ಗಾಳಿಯೇ ವಾತ. ಸೋಮವನ್ನು ಮೊದಲು ಕುಡಿಯುವವನು ವಾಯು. ನೀರನ್ನು ತಡೆದಿದ್ದ ವೃತ್ರನೆಂಬ ಹಾವನ್ನು ಹೊಡೆದು ಅದನ್ನು ಬಿಡಿಸಿದವನು ಇಂದ್ರ. ಯಾಸ್ಕರು ವೇದದ ಪದಗಳಿಗೆ ಅರ್ಥ ಬಿಡಿಸುವ ತಮ್ಮ ನಿರುಕ್ತದಲ್ಲಿ ದೇವತೆಗಳನ್ನು ಭೂಮಿ, ಅಂತರಿಕ್ಷ, ಆಕಾಶ ಅಂತ ಮೂರು ಕಡೆ ಹಂಚುತ್ತಾರೆ. ನಮ್ಮವರೆಲ್ಲ ನಡುವಿನ ಅಂತರಿಕ್ಷದವರು. ಇಷ್ಟು ಸಾಕು. ಇನ್ನೂ ಜಾಸ್ತಿ ವಂಶಾವಳಿ ತಲೆಗೆ ತುಂಬಿಕೊಂಡು ಕೂತರೆ ಸೂಕ್ತ ಓದುವುದು ಉಳಿದುಹೋಗುತ್ತದೆ.

ಮರುತ್ತುಗಳಿಗೇ 30ಕ್ಕೂ ಹೆಚ್ಚು ಸೂಕ್ತಗಳಿವೆ. ಶುರು ಮಾಡಬೇಕಾದ್ದು 1.37 ಮತ್ತು 1.38ರಿಂದ. ಎರಡೂ ಕಣ್ವ ಋಷಿಯವು, ಎರಡರಲ್ಲೂ 15 ಮಂತ್ರ, ಎರಡೂ ಗಾಯತ್ರಿ ಛಂದಸ್ಸು. ಎಂಟೆಂಟು ಅಕ್ಷರದ ಮೂರು ಪಾದ. ಚಿಕ್ಕ ಮಂತ್ರ, ಉಸಿರು ಕಟ್ಟುವುದಿಲ್ಲ.

ಅರ್ಥ ನೋಡುವ ಮೊದಲು ಜೋರಾಗಿ ಓದಿ. ಬೆರಳು ಮಡಚಿ ಅಕ್ಷರ ಎಣಿಸಿ. 1.38.9 ಹೀಗಿದೆ:

ದಿವಾ ಚಿತ್ತಮಃ ಕೃಣ್ವಂತಿ
ಪರ್ಜನ್ಯೇನೋದವಾಹೇನ
ಯತ್ಪೃಥಿವೀಂ ವ್ಯುಂದಂತಿ

ಮೊದಲ ಎರಡು ಸಾಲಿಗೆ ಎಂಟೆಂಟು ಸರಿಹೋಗುತ್ತದೆ. ಮೂರನೆಯದಕ್ಕೆ ಏಳೇ ಬರುತ್ತದೆ. ಆಗ ಪದಪಾಠ ನೋಡಿ: 'ವಿ-ಉಂದಂತಿ' ಅಂತ ಬಿಡಿಸಿದ್ದಾರೆ. 'ವ್ಯುಂ' ಅನ್ನುವುದನ್ನು 'ವಿ-ಉಂ' ಅಂತ ಓದಿ, ಎಂಟು ಆಯಿತು. ಸಂಧಿ ನುಂಗಿದ ಅಕ್ಷರವನ್ನು ಲಯ ವಾಪಸ್ ಕೊಡಿಸುತ್ತದೆ. ಈ ಲೆಕ್ಕ ಒಮ್ಮೆ ಕೈಗೆ ಹತ್ತಿದರೆ ಮುಂದೆ ಎಲ್ಲೆಲ್ಲಿ ಎಡವುತ್ತೀರೋ ಅಲ್ಲೆಲ್ಲ ನೆರವಾಗುತ್ತದೆ.

ಇನ್ನು ಅರ್ಥ. ಮರುತ್ತುಗಳು ನೀರು ಹೊತ್ತ ಪರ್ಜನ್ಯನನ್ನು ಕರೆತಂದು ಹಗಲಲ್ಲೇ ಕತ್ತಲು ಮಾಡುತ್ತಾರೆ, ನೆಲವನ್ನು ತೋಯಿಸುವಾಗ. ಅಷ್ಟೇ. ಉಪಮೆ ಇಲ್ಲ, ಹೊಗಳಿಕೆ ಇಲ್ಲ. ಮಧ್ಯಾಹ್ನ ಮೂರು ಗಂಟೆಗೆ ದೀಪ ಹಾಕಬೇಕಾದ ದಿನವನ್ನು ನೆನೆಸಿಕೊಳ್ಳಿ, ಕವಿ ಏನು ನೋಡಿದ ಅಂತ ತಿಳಿಯುತ್ತದೆ.

ಇದರ ಹಿಂದಿನ ಮಂತ್ರದಲ್ಲಿ ಹೊಸಬರು ತಪ್ಪದೆ ಮುಗ್ಗರಿಸುವ ಜಾಗವಿದೆ. 'ವತ್ಸಂ ನ ಮಾತಾ' ಅಂತ ಬರುತ್ತದೆ. 'ನ' ಅಂದರೆ 'ಇಲ್ಲ' ಅಂತ ಓದಿ, ತಾಯಿ ಕರುವಿನ ಹತ್ತಿರ ಹೋಗುವುದಿಲ್ಲ ಅಂತ ಬರೆದುಕೊಂಡು ಕೂರುತ್ತಾರೆ. ವೇದದಲ್ಲಿ ಹೆಸರಿನ ನಂತರ ಬರುವ 'ನ'ಗೆ 'ಹಾಗೆ' ಅಂತಲೂ ಅರ್ಥ. ಮಿಂಚು ಹಸುವಿನ ಹಾಗೆ ಕೂಗುತ್ತದೆ, ತಾಯಿ ಕರುವನ್ನು ಹಿಂಬಾಲಿಸುವ ಹಾಗೆ ಮಳೆಯ ಬೆನ್ನು ಬೀಳುತ್ತದೆ. ಈ ಒಂದು ಅಕ್ಷರವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ.

1.37ರಲ್ಲೂ ಎರಡು ಮಂತ್ರ ಗುರುತು ಹಾಕಿಕೊಳ್ಳಿ. ಮೂರನೆಯದರಲ್ಲಿ, ಮರುತ್ತುಗಳ ಕೈಯ ಚಾಟಿ ಇಲ್ಲೇ ಪಕ್ಕದಲ್ಲೇ ಮಾತಾಡಿದಂತೆ ಕೇಳುತ್ತದೆ ಅಂತಾನೆ ಕಣ್ವ. ಎಂಟನೆಯದರಲ್ಲಿ ಅವರು ಹೊರಟರೆ ಭೂಮಿಯು ಮುದಿ ಅರಸನ ಹಾಗೆ ಭಯದಿಂದ ನಡುಗುತ್ತದೆ. ಮುದಿ ಅರಸ! ಈ ಸೂಕ್ತವನ್ನು ಮತ್ತೆ ಮತ್ತೆ ತೆರೆಯಲು ನನಗೆ ಆ ಒಂದು ಹೋಲಿಕೆ ಸಾಕು.

ಮುಂದಿನ ಹೆಜ್ಜೆಗೆ ನೋಟ್‌ಬುಕ್ಕು ಬೇಕು. ಒಂದು ಪುಟದಲ್ಲಿ ನಾಲ್ಕು ಅಂಕಣ ಗೆರೆ ಹಾಕಿ: ಏನು ತೊಟ್ಟಿದ್ದಾರೆ, ಏನು ಮಾಡುತ್ತಾರೆ, ನೆಲಕ್ಕೆ ಏನಾಗುತ್ತದೆ, ಕವಿ ಏನು ಬೇಡುತ್ತಾನೆ. ಪ್ರತಿ ಮಂತ್ರವನ್ನೂ ಇದರೊಳಗೆ ಹಂಚುತ್ತಾ ಹೋಗಿ. ಇದಕ್ಕೆ ಐದನೇ ಮಂಡಲ ಒಳ್ಳೆಯದು. 52ರಿಂದ 61ರವರೆಗೆ ಸಾಲಾಗಿ ಹತ್ತು ಸೂಕ್ತ, ಎಲ್ಲ ಅತ್ರಿ ಮನೆತನದ ಶ್ಯಾವಾಶ್ವನವು, ಎಲ್ಲ ಮರುತ್ತುಗಳ ಸುತ್ತಲೇ.

5.54.11 ಒಂದರಿಂದಲೇ ಮೊದಲ ಅಂಕಣ ತುಂಬಿಹೋಗುತ್ತದೆ. ಹೆಗಲ ಮೇಲೆ ಈಟಿ, ಕಾಲಿಗೆ ಬಳೆ, ಎದೆಯ ಮೇಲೆ ಚಿನ್ನದ ಪದಕ, ಕೈಯಲ್ಲಿ ಬೆಂಕಿಯಂತೆ ಹೊಳೆಯುವ ಮಿಂಚು, ತಲೆಗೆ ಚಿನ್ನದ ಶಿರಸ್ತ್ರಾಣ. ಈಟಿಗೆ 'ಋಷ್ಟಿ', ಬಳೆಗೆ 'ಖಾದಿ', ಪದಕಕ್ಕೆ 'ರುಕ್ಮ'. ಕೊಡಲಿಗೆ 'ವಾಶೀ', ವಾಹನಕ್ಕೆ 'ಪೃಷತೀ'. ಈ ಐದು ಪದ ಗೊತ್ತಿದ್ದರೆ ಯಾವ ಮಂಡಲ ತೆರೆದರೂ ಮರುತ್ತುಗಳು ದೂರದಿಂದಲೇ ಗುರುತು ಸಿಗುತ್ತಾರೆ. ಪೃಷತೀ ಅಂದರೆ ಚುಕ್ಕೆ ಜಿಂಕೆ ಅನ್ನುತ್ತಾರೆ ಸಾಯಣರು, ಚುಕ್ಕೆಯ ಕುದುರೆ ಅನ್ನುವವರೂ ಇದ್ದಾರೆ. ನಮ್ಮ ಜಗಲಿಯಲ್ಲಿ ಜಿಂಕೆಗೇ ಬಹುಮತ.

5.60.5ಕ್ಕೆ ಬಂದಾಗ ಪೆನ್ಸಿಲ್ ಕೆಳಗಿಡಿ. 'ಅಜ್ಯೇಷ್ಠಾಸೋ ಅಕನಿಷ್ಠಾಸ ಏತೇ' — ಇವರಲ್ಲಿ ಹಿರಿಯನಿಲ್ಲ, ಕಿರಿಯನಿಲ್ಲ, ಅಣ್ಣತಮ್ಮಂದಿರಾಗಿ ಒಟ್ಟಿಗೆ ಬೆಳೆದವರು. ಅಪ್ಪ ರುದ್ರ ಇನ್ನೂ ಯುವಕ. ತಾಯಿ ಪೃಶ್ನಿ ಧಾರಾಳವಾಗಿ ಹಾಲು ಕೊಡುವವಳು. ಮಳೆ ಹನಿಗಳಲ್ಲಿ ಯಾವುದು ಮೊದಲು ಹುಟ್ಟಿತು ಅಂತ ಯಾರು ಹೇಳುತ್ತಾರೆ?

ಇದೇ ಗುಂಪಿನಲ್ಲಿ ಭೂಗೋಳವೂ ಸಿಗುತ್ತದೆ. 5.53.9ರಲ್ಲಿ ರಸಾ, ಅನಿತಭಾ, ಕುಭಾ, ಕ್ರುಮು, ಸಿಂಧು, ಸರಯು ನದಿಗಳು ನಿಮ್ಮನ್ನು ತಡೆಯದಿರಲಿ ಅಂತ ಕವಿ ಮರುತ್ತುಗಳಿಗೆ ಹೇಳುತ್ತಾನೆ. ಕುಭಾ ಅಂದರೆ ಇವತ್ತಿನ ಕಾಬೂಲ್ ನದಿ, ಕ್ರುಮು ಅಂದರೆ ಕುರ್ರಂ. ನಕ್ಷೆ ತೆಗೆದು ಬೆರಳಿಟ್ಟು ನೋಡಿ. ಈ ಮೋಡಗಳು ಯಾವ ಸೀಮೆಯ ಮೇಲೆ ಹಾದುಹೋದವು ಅಂತ ಗೊತ್ತಾಗದೆ ಓದಿದರೆ, ಎಲ್ಲವೂ ನಮ್ಮ ಮುಂಗಾರಿನ ವರ್ಣನೆ ಅಂತ ಭ್ರಮೆ ಹುಟ್ಟುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ 1.165. ಇದು ಜಗಳ. ಇಬ್ಬರು ಕೂತು ಪಾತ್ರ ಹಂಚಿಕೊಂಡು ಓದಿ, ಒಬ್ಬರು ಇಂದ್ರ, ಇನ್ನೊಬ್ಬರು ಮರುತ್ತುಗಳು. ಯಾವ ಮಂತ್ರ ಯಾರ ಮಾತು ಅಂತ ಭಾಷ್ಯದಲ್ಲಿ ಇರುತ್ತದೆ, ಮೊದಲೇ ಅಂಚಿನಲ್ಲಿ ಬರೆದುಕೊಳ್ಳಿ. ಮರುತ್ತುಗಳು ಕೇಳುತ್ತಾರೆ: ದೊಡ್ಡವನಾಗಿ ಒಬ್ಬನೇ ಯಾಕೆ ಹೊರಟೆ ಇಂದ್ರಾ? ಆರನೇ ಮಂತ್ರದಲ್ಲಿ ಇಂದ್ರ ತಿರುಗಿಬೀಳುತ್ತಾನೆ: ಹಾವನ್ನು ಕೊಲ್ಲುವಾಗ ನನ್ನೊಬ್ಬನನ್ನೇ ಬಿಟ್ಟಿರಲ್ಲ, ಆಗ ಎಲ್ಲಿ ಹೋಗಿತ್ತು ನಿಮ್ಮ ಈ ರೀತಿ? ಅವರು ಸಮಾಧಾನದಿಂದ, ನಮ್ಮ ಜೊತೆ ಸೇರಿ ನೀನು ಬಹಳ ಮಾಡಿದೆ ಅಂತಾರೆ. ಅವನು, ಇಲ್ಲ, ವೃತ್ರನನ್ನು ಕೊಂದದ್ದು ನನ್ನ ಸ್ವಂತ ಬಲ ಅಂತಾನೆ. ಕೊನೆಗೆ ಅವರ ಹೊಗಳಿಕೆಗೆ ಕರಗಿ 'ಗೆಳೆಯರೇ' ಅಂತ ಕರೆಯುತ್ತಾನೆ. ನಮ್ಮಲ್ಲಿ ಒಬ್ಬರು ಇಂದ್ರನ ಪಾತ್ರ ಓದಿ ಮುಗಿಸಿ, 'ಇವನಿಗೆ ಬಡ್ತಿ ಸಿಕ್ಕಿದ್ದು ಜಾಸ್ತಿಯಾಯ್ತು' ಅಂದರು.

ಅಲ್ಲಿಗೆ ನಿಲ್ಲಿಸಬೇಡಿ. ಅದೇ ಬಿಸಿಯಲ್ಲಿ 1.170, 1.171 ಓದಿಬಿಡಿ. ಈಗ ಸಿಕ್ಕಿಬಿದ್ದಿರುವವನು ಅಗಸ್ತ್ಯ. ನಮ್ಮನ್ನು ಯಾಕೆ ಹೊಡೆಯಲು ಬರುತ್ತೀ ಇಂದ್ರಾ, ಮರುತ್ತುಗಳು ನಿನ್ನ ಸೋದರರಲ್ಲವೇ ಅಂತ ಕೇಳುತ್ತಾನೆ. ಇಂದ್ರ ಬಿಡುವುದಿಲ್ಲ. ಅಣ್ಣಾ ಅಗಸ್ತ್ಯ, ಗೆಳೆಯನಾಗಿ ನಮ್ಮನ್ನು ಕಡೆಗಣಿಸುತ್ತೀಯಾ ಅಂತಾನೆ. 1.171.4ರಲ್ಲಿ ಅಗಸ್ತ್ಯ ಮರುತ್ತುಗಳ ಮುಂದೆ ನಿಂತು, ಇಂದ್ರನ ಭಯದಿಂದ ನಡುಗಿ, ನಿಮಗೆ ಅಂತ ಸಿದ್ಧ ಮಾಡಿದ್ದ ಹವಿಸ್ಸನ್ನು ಎತ್ತಿಟ್ಟೆವು, ಕ್ಷಮಿಸಿ ಅನ್ನುತ್ತಾನೆ. ಇಬ್ಬರು ಬಲಿಷ್ಠರ ನಡುವೆ ಸಿಕ್ಕ ಪುರೋಹಿತನ ಫಜೀತಿ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ನಾನು ಓದಿಲ್ಲ.

ರುದ್ರನಿಗೆ 2.33 ಸಾಕು. ಗೃತ್ಸಮದನದು, 15 ಮಂತ್ರ. ಮೊದಲ ಸಾಲೇ 'ಮರುತ್ತುಗಳ ಅಪ್ಪಾ' ಅಂತ ಕರೆಯುತ್ತದೆ. ಓದುವಾಗ ಎರಡು ಪಟ್ಟಿ ಮಾಡಿ. ಒಂದರಲ್ಲಿ ಭಯದ ಮಾತು: ಸೂರ್ಯನನ್ನು ನೋಡುವುದು ತಪ್ಪಿಸಬೇಡ, ನಿನ್ನ ಆಯುಧ ನಮ್ಮನ್ನು ಬಿಟ್ಟು ಹೋಗಲಿ. ಇನ್ನೊಂದರಲ್ಲಿ ಮದ್ದಿನ ಮಾತು: ವೈದ್ಯರಲ್ಲೇ ದೊಡ್ಡ ವೈದ್ಯ ನೀನು, ನಿನ್ನ ಔಷಧದಿಂದ ನೂರು ಚಳಿಗಾಲ ಬದುಕುವೆ. ಎರಡೂ ಪಟ್ಟಿ ಒಂದೇ ಉದ್ದ ಬೆಳೆಯುತ್ತಾ ಹೋಗುತ್ತವೆ. ಅಂದ ಹಾಗೆ, ಎಲ್ಲರ ಬಾಯಲ್ಲಿರುವ 'ತ್ರ್ಯಂಬಕಂ ಯಜಾಮಹೇ' ಎಲ್ಲಿದೆ ಗೊತ್ತಾ? 7.59.12ರಲ್ಲಿ, ಮರುತ್ತುಗಳ ಸೂಕ್ತದ ಬಾಲದಲ್ಲಿ.

ಪರ್ಜನ್ಯನ 5.83 ಅನ್ನು ಮಾತ್ರ ಒಂದೇ ಏಟಿಗೆ ಓದಿ. ಹತ್ತೇ ಮಂತ್ರ. ತುಂಡು ಮಾಡಿದರೆ ಕೆಡುತ್ತದೆ, ಯಾಕೆಂದರೆ ಅದರೊಳಗೆ ಒಂದು ಇಡೀ ಮಳೆ ಇದೆ. ಮರ ಮುರಿಯುತ್ತದೆ. ಸಾರಥಿ ಚಾಟಿ ಬೀಸಿ ಕುದುರೆ ಓಡಿಸುವಂತೆ ಮಳೆಯ ದೂತರು ಕಾಣಿಸುತ್ತಾರೆ, ದೂರದಿಂದ ಸಿಂಹದ ಗರ್ಜನೆ ಏಳುತ್ತದೆ. ಗಾಳಿ ಬೀಸಿ, ಮಿಂಚು ಹಾರಿ, ಗಿಡಗಳು ಮೇಲೇಳುತ್ತವೆ. ದೊಡ್ಡ ಪಾತ್ರೆ ಮೇಲೆತ್ತಿ ಕೆಳಗೆ ಸುರಿ ಅಂತ ಎಂಟನೆಯದರಲ್ಲಿ ಬೇಡುವ ಕವಿ, ಹತ್ತನೆಯದರಲ್ಲಿ 'ಸುರಿದೆಯಲ್ಲ, ಇನ್ನು ಹಿಡಿದುಕೋ' ಅಂತಾನೆ. ಮರಳುಗಾಡನ್ನೂ ದಾಟುವಂತೆ ಮಾಡಿದೆ, ತಿನ್ನಲು ಗಿಡ ಬೆಳೆಸಿದೆ, ಸಾಕು. ದೇವರಿಗೆ ಸಾಕು ಅನ್ನುವ ಈ ಧೈರ್ಯ ರೈತನದು.

ಓದುವಾಗ ಮೂರು ವಿಷಯದಲ್ಲಿ ಎಚ್ಚರ ಇರಲಿ. ಒಂದು, ಮರುತ್ತುಗಳು 49 ಜನ, ದಿತಿಯ ಗರ್ಭವನ್ನು ಇಂದ್ರ ಕತ್ತರಿಸಿದ್ದರಿಂದ ಹುಟ್ಟಿದವರು ಅನ್ನುವುದು ಪುರಾಣದ ಕಥೆ. ಅದನ್ನು ಇಲ್ಲಿಗೆ ತರಬೇಡಿ. ಋಗ್ವೇದದಲ್ಲಿ ಒಂದು ಕಡೆ 'ಏಳು ಏಳು', ಇನ್ನೊಂದು ಕಡೆ 'ಮೂರು ಅರವತ್ತು' ಅಂತ ಬರುತ್ತದೆ, ಸಂಖ್ಯೆ ನಿಂತಿಲ್ಲ. ಎರಡು, ಸಾಯಣರನ್ನು ಬಿಡಬೇಡಿ, ಅವರೇ ಕೊನೆಯ ಮಾತು ಅಂತಲೂ ಹಿಡಿಯಬೇಡಿ. ಅವರು ವಿಜಯನಗರದ ಬುಕ್ಕರಾಯನ ಆಸ್ಥಾನದಲ್ಲಿ, 14ನೇ ಶತಮಾನದಲ್ಲಿ ಬರೆದವರು. ಸೂಕ್ತಗಳು ಅವರಿಗಿಂತ ಎರಡು ಸಾವಿರ ವರ್ಷಕ್ಕೂ ಹಿಂದಿನವು. ಮೂರು, ಮಿಂಚು ಅಂದ ಕೂಡಲೇ ವಿದ್ಯುತ್ ವಿಜ್ಞಾನ ಹುಡುಕುವ ಚಟ. ಸುಮ್ನೆ ಬಿಟ್ಟುಬಿಡಿ. ಕಣ್ಣಾರೆ ಕಂಡದ್ದನ್ನು ಹಾಡಿದ ಕವಿಗೆ ಅದರಿಂದ ಏನೂ ಲಾಭವಿಲ್ಲ.

ಇಷ್ಟಾದ ಮೇಲೆ ವಾತನ 10.168 ಓದಿ, ನಾಲ್ಕೇ ಮಂತ್ರ: ಅವನ ಸದ್ದು ಕೇಳುತ್ತದೆ, ರೂಪ ಕಾಣುವುದಿಲ್ಲ. ನಗು ಬೇಕೆನಿಸಿದರೆ 7.103. ಅಲ್ಲಿ ವಸಿಷ್ಠರು ಮಳೆ ಬಿದ್ದ ಮೇಲೆ ವಟಗುಟ್ಟುವ ಕಪ್ಪೆಗಳನ್ನು, ಗುರು ಹೇಳಿದ್ದನ್ನು ಶಿಷ್ಯ ಹೇಳಿದ ಹಾಗೆ ಒಂದರ ಮಾತನ್ನು ಇನ್ನೊಂದು ಹೇಳುತ್ತದೆ ಅಂತ ಬಣ್ಣಿಸುತ್ತಾರೆ. ಕಥೆ ಬೇಕಾದವರಿಗೆ 5.61. ರಥವೀತಿ ಎಂಬ ಅರಸನ ಮಗಳನ್ನು ಬಯಸಿದ ಶ್ಯಾವಾಶ್ವ, ಋಷಿಯಲ್ಲ ಅನ್ನುವ ಕಾರಣಕ್ಕೆ ಹೆಣ್ಣು ಸಿಗದೆ, ಆಮೇಲೆ ಮರುತ್ತುಗಳನ್ನು ಕಂಡು ಹಾಡಿ ಋಷಿಯಾದ ಅಂತ, ಋಗ್ವೇದದ ದೇವತೆಗಳನ್ನೂ ಕಥೆಗಳನ್ನೂ ಹೇಳುವ ಬೃಹದ್ದೇವತೆ ಎಂಬ ಹಳೆಯ ಗ್ರಂಥದಲ್ಲಿ ಬರುತ್ತದೆ. ಸೂಕ್ತದ ಕೊನೆಯಲ್ಲಿ ಅವನು ರಾತ್ರಿಯ ಕೈಯಲ್ಲೇ ಅರಸನಿಗೆ ಹೇಳಿಕಳಿಸುತ್ತಾನೆ. 36 ಮಂತ್ರದ 8.7 ಅನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಅದೂ ಗಾಯತ್ರಿಯೇ, ಕಷ್ಟವಿಲ್ಲ, ಉದ್ದ ಅಷ್ಟೇ. ಎರಡು ಸಂಜೆಗೆ ಹಂಚಿಕೊಂಡರೆ ಆರಾಮಾಗಿ ಮುಗಿಯುತ್ತದೆ.