ನಿಂತ ನೀರು ಮತ್ತು ನಮ್ಮ ಮನೆಯ ಷವರ್

ದಾವಣಗೆರೆಯ ನಮ್ಮ ಮನೆಯ ಹಿಂಬದಿಯ ಬಚ್ಚಲು ಕಳೆದ ಬೇಸಿಗೆಯಲ್ಲಿ ಎರಡು ತಿಂಗಳು ಬಳಕೆಯಿಲ್ಲದೆ ಬಿದ್ದಿತ್ತು. ನ್ಯುಮೋನಿಯಾದಿಂದ ಚೇತರಿಸಿಕೊಳ್ಳುತ್ತಿದ್ದ ಅಮ್ಮ ಅದನ್ನೇ ಬಳಸಬೇಕಾಗಿ ಬಂದಾಗ ನಾನು ಮೊದಲು ಷವರ್ ಬಿಚ್ಚಿ ನೋಡಿದೆ. ಬೋರ್‌ವೆಲ್ ನೀರಿನ ಸುಣ್ಣ ತೂತುಗಳಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಒಳಗೆ ಬೆರಳಾಡಿಸಿದರೆ ಕಂದು ಲೋಳೆ ಜಾರಿತು.

ಬ್ಯಾಕ್ಟೀರಿಯಾಗಳು ನೆಲೆಯೂರುವುದು ಆ ಲೋಳೆಯಲ್ಲೇ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದಿದ್ದ ಹಲವರು ನ್ಯುಮೋನಿಯಾಕ್ಕೆ ಬಲಿಯಾದ ಮೇಲೆ, ಮರುವರ್ಷ ಗುರುತಿಸಲಾದ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸುಮಾರು 20ರಿಂದ 45 ಡಿಗ್ರಿ ಸೆಲ್ಸಿಯಸ್‌ನ ನಿಂತ ನೀರಿನಲ್ಲಿ ಬೆಳೆಯುತ್ತದೆ. ಷವರ್‌ನ ಸಣ್ಣ ಹನಿಗಳೊಡನೆ ಅದು ಉಸಿರಿನ ಮೂಲಕ ಶ್ವಾಸಕೋಶ ಸೇರುವುದರಿಂದ, ವಯಸ್ಸಾದವರ ವಿಷಯದಲ್ಲಿ ಉದಾಸೀನ ಮಾಡಲು ನನಗೆ ಮನಸ್ಸಾಗಲಿಲ್ಲ.

ಷವರನ್ನು ಸಮಪ್ರಮಾಣದ ವಿನಿಗರ್ ಮತ್ತು ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆದೆ. ಆದರೆ ಷವರ್ ಹೊಳೆದರೆ ಸಾಲದು, ಪೈಪಿನೊಳಗಿನ ನೀರೇ ಮುಖ್ಯ. 500 ಲೀಟರ್ ಟ್ಯಾಂಕನ್ನು ಉಜ್ಜಿ ತೊಳೆದು ತುಂಬಿಸಿ, ಗೀಸರ್‌ನ ವಾಲ್ವ್ ಮುಚ್ಚಿ, 33 ಪ್ರತಿಶತ ಕ್ಲೋರಿನ್ ಇರುವ 75 ಗ್ರಾಂ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ತಿಳಿಯಾದ ನೀರನ್ನಷ್ಟೇ ಟ್ಯಾಂಕಿಗೆ ಸುರಿದೆ. ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಹರಿಸಿ, ಒಂದು ಗಂಟೆ ಬಿಟ್ಟು, ಎಲ್ಲವನ್ನೂ ಹೊರಹಾಕಿ ವಾಸನೆ ಹೋಗುವವರೆಗೆ ತೊಳೆದೆ. ವಿನಿಗರ್ ಮತ್ತು ಬ್ಲೀಚಿಂಗ್ ಪೌಡರನ್ನು ಎಂದಿಗೂ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ವಾಷಿಂಗ್ ಮೆಷಿನ್‌ಗೆಂದು ಹಿಂದೆ ಎಳೆಸಿ, ಕ್ಯಾಪ್ ಹಾಕಿ ಬಿಟ್ಟಿದ್ದ ನಾಲ್ಕು ಅಡಿಯ ಪೈಪನ್ನು ಕಂಡ ಪ್ಲಂಬರ್, “ಸರ್, ಇದರೊಳಗಿನ ನೀರು ಎಲ್ಲಿಗೂ ಹೋಗೋದಿಲ್ಲ, ಕೊಳೆಯುತ್ತಾ ಇರುತ್ತೆ” ಎಂದರು. ಅದನ್ನು ಮುಖ್ಯ ಪೈಪಿನಿಂದ ಕವಲೊಡೆಯುವ ‘ಟೀ’ ಜಾಯಿಂಟ್ ಬಳಿಯೇ ಕತ್ತರಿಸಿ ಮುಚ್ಚಿಸಿದೆ. ನನ್ನ ಮಟ್ಟಿಗೆ ಅತ್ಯಂತ ಉಪಯುಕ್ತವಾದ ಕೆಲಸ ಅದೇ.

ಶ್ರಾವಣದ ಮೋಡದ ದಿನಗಳಲ್ಲಿ ಸೋಲಾರ್ ನೀರು ಉಗುರುಬೆಚ್ಚಗೇ ಉಳಿಯುವುದರಿಂದ ಈಗ ನಮ್ಮಲ್ಲಿ ಗೀಸರನ್ನೇ 60 ಡಿಗ್ರಿಗೆ ಕಾಯಿಸಿ, ತಣ್ಣೀರು ಬೆರೆಸಿ ಬಳಸುತ್ತೇವೆ. ಅಮ್ಮ ಮಾತ್ರ “ನನಗೆ ಚೊಂಬೇ ಸಾಕಪ್ಪ” ಎಂದು ಬಕೆಟ್ಟಿನಲ್ಲೇ ಸ್ನಾನ ಮಾಡುತ್ತಾರೆ. ಆದರೂ ಪ್ರತಿ ಸೋಮವಾರ ಆ ಷವರ್‌ಗೆ ತುದಿ ಕತ್ತರಿಸಿದ ಪ್ಲಾಸ್ಟಿಕ್ ಚೀಲ ಕಟ್ಟಿ, ಹನಿ ಹಾರದಂತೆ ಐದು ನಿಮಿಷ ಬಿಸಿನೀರು ಹರಿಸಿ ಬರುತ್ತೇನೆ.