‘ವಿರಿಬೋಣಿ’ ಎರಡನೇ ಕಾಲಕ್ಕೆ ನಾನು ಮಾಡಿಕೊಂಡ ದಾರಿ

‘ವಿರಿಬೋಣಿ’ ಭೈರವಿ ರಾಗದ ಒಂದು ವರ್ಣ, ಅಂದರೆ ಕರ್ನಾಟಕ ಸಂಗೀತದ ಅಭ್ಯಾಸದ ರಚನೆ; ಅದರ ತಾಳ ಅಟತಾಳ. ಇಂಥ ವರ್ಣವನ್ನು ತುಂಡು ತುಂಡಾಗಿ ಹೇಳಿಕೊಟ್ಟರೆ ಮಕ್ಕಳು ತಾಳ ಬಿಡುತ್ತಾರೆ ಅಂತ ಪರಿಚಯದ ಟೀಚರ್‌ಗಳೆಲ್ಲ ಹೇಳಿದ್ದರು. ಮಕ್ಕಳು ತಾಳ ಬಿಡಲಿಲ್ಲ. ಈಗ ನನ್ನ ಹತ್ತಿರ ಕಲಿಯುವ ನಾಲ್ಕೈದು ಜನ ‘ವಿರಿಬೋಣಿ’ಯನ್ನು ಎರಡನೇ ಕಾಲದಲ್ಲೂ, ಅಂದರೆ ಇಮ್ಮಡಿ ವೇಗದಲ್ಲೂ, ಭೈರವಿಯಾಗಿಯೇ ಹಾಡುತ್ತಾರೆ. ಹೇಳಿದವರಲ್ಲೇ ಒಬ್ಬರು ತಮ್ಮ ಮಗಳನ್ನು ಕಳಿಸಿದ್ದಾರೆ!

ಎಲ್ಲಿ ಕೆಡುತ್ತದೆ ಅಂತ ಹಾಡುವವರಿಗೆ ಗೊತ್ತು. ಮೊದಲ ಕಾಲದಲ್ಲಿ ಎಲ್ಲರೂ ಚೆನ್ನಾಗಿಯೇ ಹಾಡುತ್ತಾರೆ. ವೇಗ ಬಂತೋ, ಗಮಕ (ಸ್ವರದ ತೂಗಾಟ) ಹೋಗಿ ಬರೀ ಸ್ವರ ಉಳಿಯುತ್ತದೆ. ಭೈರವಿಯಲ್ಲಿ ಧೈವತ, ಅಂದರೆ ‘ದ’ ಸ್ವರ, ಎರಡು: ಹತ್ತುವಾಗ ಮೇಲಿನದು (ಚತುಶ್ರುತಿ), ಇಳಿಯುವಾಗ ಕೆಳಗಿನದು (ಶುದ್ಧ). ಹತ್ತುವಾಗಿನ ಚತುಶ್ರುತಿ ಧೈವತವೇ ‘ನಿ ದ ಪ’ ಇಳಿಯುವಾಗಲೂ ಬಾಯಿಗೆ ಬಂದರೆ ಖರಹರಪ್ರಿಯ ರಾಗದ ವಾಸನೆ. ಶ್ಯಾಮಾ ಶಾಸ್ತ್ರಿಗಳ ಗುರು ಪಚ್ಚಿಮಿರಿಯಂ ಆದಿಯಪ್ಪಯ್ಯನವರು ಮಾಡಿದ ವರ್ಣಕ್ಕೆ ಆ ಗತಿ ಬರಬಾರದು, ಅಲ್ವಾ?

ಮೊದಲು ದುಡ್ಡು ಸುರಿದೆ. ಮೃದಂಗದವರನ್ನು ವಾರಕ್ಕೊಮ್ಮೆ ಕರೆಸಿದೆ, ಸಲಕ್ಕೆ ಐನೂರೋ ಆರುನೂರೋ. ಲಯ ಗಟ್ಟಿಯಾಯಿತು, ಧೈವತ ಹಾಗೇ ಇತ್ತು. ರೆಕಾರ್ಡ್ ಮಾಡಿ ಕೇಳಿಸೋಣ ಅಂತ ನಾಲ್ಕು ಸಾವಿರದ ಹತ್ತಿರ ಕೊಟ್ಟು ಮೈಕ್ ತಂದೆ. ಮಕ್ಕಳು ಕೇಳಿ ನಕ್ಕರು, ಮತ್ತೆ ಹಾಗೇ ಹಾಡಿದರು. ಮೆಟ್ರೊನೋಮ್ ಆ್ಯಪ್ ಅಂತೂ ಗಮಕವನ್ನೇ ಕುಯ್ದು ಹಾಕಿತು.

ಆಮೇಲೆ ಲೆಕ್ಕ ಹಾಕಿದೆ. ಅಟತಾಳದ ಒಂದು ಆವರ್ತ (ತಾಳದ ಪೂರ್ತಿ ಸುತ್ತು) ಅಂದರೆ ಐದೈದು ಎಣಿಕೆಯ ಎರಡು ಲಘು (ಒಂದು ತಟ್ಟು, ನಾಲ್ಕು ಬೆರಳು), ಎರಡೆರಡು ಎಣಿಕೆಯ ಎರಡು ದ್ರುತ. ಈ 14 ಅಕ್ಷರದ (ಎಣಿಕೆಯ) ಸಾಲು ಎರಡನೇ ಕಾಲದಲ್ಲಿ ಏಳು ಎಣಿಕೆಗೆ ಮುಗಿಯುತ್ತದೆ. ಅಂದರೆ ಮೊದಲ ಲಘು ಪೂರ್ತಿ, ಎರಡನೇ ಲಘುವಿನಲ್ಲಿ ತಟ್ಟು ಮತ್ತು ಕಿರುಬೆರಳು. ಮುಂದಿನ ಸಾಲನ್ನು ಉಂಗುರ ಬೆರಳಿಗೆ ಎತ್ತಬೇಕು. ಮಕ್ಕಳು ಗಾಬರಿಯಾಗುವುದು ಅಲ್ಲೇ. ಗಾಬರಿಯಲ್ಲಿ ಮೊದಲು ಹೋಗುವುದು ಗಮಕ.

ಹಾಗಾಗಿ ಕೈ ಪೂರ್ತಿ ಆವರ್ತ ಹಾಕಲಿ, ಬಾಯಿ ಮೊದಲ ಏಳಕ್ಕೆ ಮಾತ್ರ ಹಾಡಲಿ ಅಂದೆ. ಉಳಿದ ಏಳಕ್ಕೆ ಬರೀ ತಂಬೂರಿ. ಆ ಬಿಡುವಿನಲ್ಲಿ ಈಗಷ್ಟೇ ಹಾಡಿದ ಧೈವತ ಕಿವಿಯಲ್ಲೇ ಇರುತ್ತದೆ, ತಪ್ಪಿದ್ದರೆ ಮಕ್ಕಳೇ ಮುಖ ಕಿವಿಚುತ್ತಾರೆ. ಅದು ಕೂತ ಮೇಲೆ ಉಲ್ಟಾ: ಮೊದಲ ಏಳು ಸುಮ್ನೆ, ಉಂಗುರ ಬೆರಳಿನಿಂದ ಹಾಡು. ಮೊದಲು ಅಕಾರದಲ್ಲಿ (ಬರೀ ‘ಆ’ ಅಂತ), ಆಮೇಲೆ ಸಾಹಿತ್ಯ. ಎರಡನ್ನೂ ಜೋಡಿಸಲು ನಾನು ಅವಸರ ಮಾಡಲಿಲ್ಲ. ಒಂದು ತಿಂಗಳಿಗೂ ಜಾಸ್ತಿ ಹಿಡಿಯಿತು. ಒಂದಿಬ್ಬರು ಬೇಜಾರಾಗಿ ಬಿಟ್ಟೂ ಹೋದರು, ಆ ಫೀಸೂ ಹೋಯಿತು.

ಇದೇ ಹುಚ್ಚಿನಲ್ಲಿ ಕಲ್ಯಾಣಿ ರಾಗದ ವರ್ಣ ‘ವನಜಾಕ್ಷಿ’ಗೂ ಕೈ ಹಾಕಿದೆ. ಅಲ್ಲಿ ಎರಡು ಧೈವತದ ರಗಳೆಯಿಲ್ಲ, ಬೇಗ ಬಂತು. ಕಾನಡ ರಾಗದ ‘ನೆರನಮ್ಮಿತಿ’ಗೆ ಮಾತ್ರ ಈ ಉಪಾಯ ನಡೆಯಲಿಲ್ಲ. ಆ ರಾಗದ ಗಾಂಧಾರ (‘ಗ’ ಸ್ವರ) ತುಂಡು ಮಾಡಿಸಿಕೊಳ್ಳುವ ಜಾತಿಯದಲ್ಲ.

ವರ್ಣದ ಕೊನೆಯ ಭಾಗವಾದ ಚರಣದ ಎತ್ತುಗಡೆ ಸ್ವರಗಳಲ್ಲಿ (ಚರಣದ ಸಾಲಿನ ನಂತರ ಬರುವ ಸ್ವರದ ಗೊಂಚಲುಗಳಲ್ಲಿ) ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಪಾಠಕ್ಕೆ ಬಂದವರಿಗೆ.