ಕಂಪ್ಯೂಟರ್ ಒಂದು, ಕೂರುವವರು ನಾಲ್ವರು: ಅಕೌಂಟ್, ಗ್ರೂಪ್ ನಿಭಾಯಿಸುವುದು ಹೀಗೆ

ತೆರಿಗೆ ಸಲಹೆಗಾರರ ಆಫೀಸು, ಸಣ್ಣ ಪತ್ತಿನ ಸಂಘ, ಡಿಟಿಪಿ ಅಂಗಡಿ, ಖಾಸಗಿ ಶಾಲೆಯ ಗುಮಾಸ್ತರ ಕೋಣೆ, ಎಲ್ಲಿ ಹೋದರೂ ಕಂಪ್ಯೂಟರ್ ಆನ್ ಮಾಡಿದರೆ ಬರುವುದು ಒಂದೇ ಹೆಸರು. 'ಅಡ್ಮಿನ್', ಇಲ್ಲವೇ ಕಂಪ್ಯೂಟರ್ ಮಾರಿದವರು ಇಟ್ಟುಹೋದ 'ಯೂಸರ್'. ಪಾಸ್‌ವರ್ಡ್ ಎಲ್ಲರಿಗೂ ಬಾಯಿಪಾಠ. ಏನೂ ಎಡವಟ್ಟಾಗದಷ್ಟು ದಿನ ಈ ಏರ್ಪಾಡು ಹಾಯಾಗಿಯೇ ಇರುತ್ತದೆ. ಮಾರ್ಚ್ ಕೊನೆಗೆ ಲೆಕ್ಕದ ಫೋಲ್ಡರ್ ಮಾಯವಾದಾಗ ಮಾತ್ರ, ಮುಟ್ಟಿದವರು ಯಾರು ಎಂದರೆ ಕಂಪ್ಯೂಟರ್ ಕೊಡುವ ಉತ್ತರವೂ 'ಅಡ್ಮಿನ್' ಎಂದೇ.

ಒಬ್ಬೊಬ್ಬರಿಗೂ ಅವರದೇ ಹೆಸರು, ಪಾಸ್‌ವರ್ಡ್ ಇರುವ ಬೇರೆ ಅಕೌಂಟ್ ಕೊಟ್ಟು ಇದನ್ನು ಸರಿಪಡಿಸಲು ಸರ್ವರ್ ಬೇಡ, ಹೊಸ ಸಾಫ್ಟ್‌ವೇರ್ ಬೇಡ. ವಿಂಡೋಸ್‌ನಲ್ಲಿ ಬೇಕಾದ್ದೆಲ್ಲ ಇದೆ. ಇಲ್ಲಿ ಹೇಳಿರುವುದು ವಿಂಡೋಸ್ 11 ಪ್ರೊ ಆವೃತ್ತಿಗೆ. ವಿಂಡೋಸ್ 10ರಲ್ಲೂ ಹಾದಿ ಹೆಚ್ಚುಕಡಿಮೆ ಇದೇ, ಆದರೆ ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮದು ಹೋಮ್ ಆವೃತ್ತಿಯೋ ಪ್ರೊ ಆವೃತ್ತಿಯೋ ಎಂಬುದನ್ನು ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂಬಲ್ಲಿ ನೋಡಿಕೊಳ್ಳಿ. ಮುಂದೆ ಕೆಲವು ಕಡೆ ಅದರಿಂದ ವ್ಯತ್ಯಾಸವಾಗುತ್ತದೆ.

ಮೊದಲು ಈಗಿರುವುದನ್ನು ನೋಡಿ

ಸೆಟ್ಟಿಂಗ್ಸ್ ತೆರೆದು 'ಅಕೌಂಟ್ಸ್'ಗೆ ಹೋಗಿ. 'ಯುವರ್ ಇನ್ಫೋ'ದಲ್ಲಿ ನಿಮ್ಮ ಅಕೌಂಟ್ ಯಾವ ಬಗೆಯದೆಂದು ಕಾಣುತ್ತದೆ. 'ಅದರ್ ಯೂಸರ್ಸ್'ನಲ್ಲಿ ಉಳಿದವರದು. ಬಗೆ ಎರಡೇ. ಅಡ್ಮಿನಿಸ್ಟ್ರೇಟರ್ ಆದವರು ಸಾಫ್ಟ್‌ವೇರ್ ಹಾಕಬಹುದು, ತೆಗೆಯಬಹುದು, ಬೇರೆಯವರ ಪಾಸ್‌ವರ್ಡ್ ಬದಲಿಸಬಹುದು. ಸ್ಟ್ಯಾಂಡರ್ಡ್ ಯೂಸರ್ ತನ್ನ ಕೆಲಸ ಮಾಡಿಕೊಳ್ಳಬಹುದು, ಇಡೀ ಯಂತ್ರಕ್ಕೆ ತಗಲುವ ಬದಲಾವಣೆ ಮಾಡುವಂತಿಲ್ಲ.

ಆಫೀಸಿನ ಮಾಲೀಕರಿಗೂ ದಿನನಿತ್ಯದ ಕೆಲಸಕ್ಕೆ ಸ್ಟ್ಯಾಂಡರ್ಡ್ ಅಕೌಂಟೇ ಸಾಕು ಎಂಬುದು ನನ್ನ ಅಭಿಪ್ರಾಯ. ಇಮೇಲ್‌ನಲ್ಲಿ ಬಂದ ಕೆಟ್ಟ ಫೈಲೊಂದನ್ನು ಗಡಿಬಿಡಿಯಲ್ಲಿ ಕ್ಲಿಕ್ ಮಾಡುವವರಲ್ಲಿ ಮಾಲೀಕರೂ ಇರುತ್ತಾರೆ. ಅಡ್ಮಿನಿಸ್ಟ್ರೇಟರ್ ಅಕೌಂಟ್‌ಗಳು ಎರಡಿರಲಿ: ಒಂದು ಬಳಕೆಗೆ, ಇನ್ನೊಂದು ಆಪತ್ತಿಗೆ. ಆಪತ್ತಿನದರ ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕಿ. ಒಂದೇ ಅಡ್ಮಿನಿಸ್ಟ್ರೇಟರ್ ಇದ್ದು ಅದರ ಪಾಸ್‌ವರ್ಡ್ ಮರೆತರೆ, ಮುಂದೆ ಹೇಳುವ ಉಪಾಯಗಳಲ್ಲಿ ಹೆಚ್ಚಿನವು ಕೈಕೊಡುತ್ತವೆ.

ಹೊಸ ಅಕೌಂಟ್

'ಅದರ್ ಯೂಸರ್ಸ್' ಪುಟದಲ್ಲಿ 'ಆಡ್ ಅಕೌಂಟ್' ಒತ್ತಿದರೆ ವಿಂಡೋಸ್ ಇಮೇಲ್ ವಿಳಾಸ ಕೇಳುತ್ತದೆ. ಆಫೀಸಿನ ಹುಡುಗನ ಖಾಸಗಿ ಇಮೇಲ್ ಇಲ್ಲಿ ಕೊಡಬೇಕಾದ್ದಿಲ್ಲ. ಕೆಳಗಿರುವ 'ಐ ಡೋಂಟ್ ಹ್ಯಾವ್ ದಿಸ್ ಪರ್ಸನ್ಸ್ ಸೈನ್-ಇನ್ ಇನ್ಫರ್ಮೇಶನ್' ಒತ್ತಿ, ಮುಂದಿನ ಪುಟದಲ್ಲಿ 'ಆಡ್ ಎ ಯೂಸರ್ ವಿದೌಟ್ ಎ ಮೈಕ್ರೋಸಾಫ್ಟ್ ಅಕೌಂಟ್' ಆರಿಸಿ. ಹೆಸರು, ಪಾಸ್‌ವರ್ಡ್ ಮತ್ತು ಮೂರು ಭದ್ರತಾ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಅಕೌಂಟ್ ಸಿದ್ಧ. ಅದು ತಾನಾಗಿಯೇ ಸ್ಟ್ಯಾಂಡರ್ಡ್ ಆಗಿರುತ್ತದೆ, ಹಾಗೆಯೇ ಬಿಡಿ.

ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಚಿಕ್ಕದಾಗಿ, ಖಾಲಿ ಜಾಗ ಬಿಡದೆ ಕೊಡಿ. ಕನ್ನಡದಲ್ಲಿ ಕೊಟ್ಟರೆ ವಿಂಡೋಸ್ ಒಪ್ಪಿಕೊಳ್ಳುತ್ತದೆ, ಆದರೆ ಸಿ ಡ್ರೈವ್‌ನ 'ಯೂಸರ್ಸ್' ಒಳಗೆ ಅದೇ ಹೆಸರಿನ ಫೋಲ್ಡರ್ ಹುಟ್ಟುತ್ತದೆ. ಕೆಲವು ಹಳೆಯ ಸಾಫ್ಟ್‌ವೇರ್‌ಗಳು ಅಂಥ ಫೋಲ್ಡರ್ ಕಂಡು ತಡಬಡಿಸುತ್ತವೆ. ಅಕೌಂಟಿನ ಹೆಸರನ್ನು ಮುಂದೆ ಬದಲಿಸಬಹುದು. ಫೋಲ್ಡರ್ ಹೆಸರು ಮಾತ್ರ ಹಳೆಯದೇ ಉಳಿಯುತ್ತದೆ. ಈ ಫೋಲ್ಡರ್ ಹುಟ್ಟುವುದು ಆ ವ್ಯಕ್ತಿ ಮೊದಲ ಸಲ ಸೈನ್ ಇನ್ ಆದಾಗ. ಆದ್ದರಿಂದ ಅಕೌಂಟ್ ಮಾಡಿದ ಮರುಕ್ಷಣವೇ ಹುಡುಕಿ 'ಕಾಣಿಸುತ್ತಿಲ್ಲವಲ್ಲ' ಎಂದು ಗಾಬರಿಯಾಗಬೇಡಿ.

ಕನ್ನಡದಲ್ಲಿ ಕೆಲಸ ಮಾಡುವವರನ್ನು ಕಾಡುವ ತೊಂದರೆ ಶುರುವಾಗುವುದು ಇಲ್ಲಿಂದಲೇ. ಹೊಸ ಅಕೌಂಟ್‌ನಲ್ಲಿ ನುಡಿ ತಂತ್ರಾಂಶದಲ್ಲಿ ಬರೆದ ಹಳೆಯ ಕಡತ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಕಡತಕ್ಕೆ ಏನೂ ಆಗಿಲ್ಲ, ಫಾಂಟ್ ಸಿಗುತ್ತಿಲ್ಲ ಅಷ್ಟೇ. ವಿಂಡೋಸ್ 10ರ 1809 ಆವೃತ್ತಿಯಿಂದೀಚೆಗೆ ಫಾಂಟನ್ನು ಒಬ್ಬ ಬಳಕೆದಾರನಿಗೆ ಮಾತ್ರ ಹಾಕುವ ವ್ಯವಸ್ಥೆ ಬಂದಿದೆ. ಬರೀ 'ಇನ್‌ಸ್ಟಾಲ್' ಒತ್ತಿ ಹಾಕಿದ ಫಾಂಟ್ ಪಕ್ಕದವರ ಅಕೌಂಟ್‌ಗೆ ಕಾಣದೇ ಹೋಗುವುದು ಇದರಿಂದ. ಫಾಂಟ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಆರಿಸಿ, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೊಡಿ. ಕನ್ನಡ ಕೀಬೋರ್ಡ್, ಮೊದಲಿಗೆ ಬರಬೇಕಾದ ಪ್ರಿಂಟರ್, ನೆಟ್‌ವರ್ಕ್ ಡ್ರೈವ್ ಇವೂ ಅಕೌಂಟಿಗೊಂದರಂತೆ ಬೇರೆಬೇರೆ. ಪ್ರತಿಯೊಬ್ಬರಲ್ಲೂ ಒಮ್ಮೆ ಹೊಂದಿಸಬೇಕು.

ಗ್ರೂಪ್ ಮಾಡಿ, ಅನುಮತಿಯನ್ನು ಅದಕ್ಕೇ ಕೊಡಿ

ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಆಮೇಲೆ ಲೆಕ್ಕದ ಫೋಲ್ಡರಿಗೆ ಇವರಿಗೊಂದು ಅನುಮತಿ, ಅವರಿಗೊಂದು ಅನುಮತಿ ಎಂದು ಒಬ್ಬೊಬ್ಬರಿಗೇ ಕೊಡುತ್ತಾ ಹೋಗುತ್ತಾರೆ. ಎರಡು ವರ್ಷದಲ್ಲಿ ಮೂವರು ಕೆಲಸ ಬಿಟ್ಟು ಮೂವರು ಸೇರಿದರೆ ಯಾರಿಗೆ ಏನು ಕೊಟ್ಟಿದ್ದೆವೆಂಬುದು ಕೊಟ್ಟವರಿಗೇ ಗೊತ್ತಿರುವುದಿಲ್ಲ. ಅನುಮತಿಯನ್ನು ಕೆಲಸಕ್ಕೆ ಕಟ್ಟಿ, ಆಳಿಗಲ್ಲ. ಲೆಕ್ಕ ಬರೆಯುವವರದೊಂದು ಗ್ರೂಪ್, ಟೈಪಿಂಗ್‌ನವರದೊಂದು ಗ್ರೂಪ್. ಜನ ಬಂದರೆ ಗ್ರೂಪಿಗೆ ಸೇರಿಸಿ, ಹೋದರೆ ತೆಗೆಯಿರಿ. ಫೋಲ್ಡರಿನ ಅನುಮತಿಯನ್ನು ಮತ್ತೆ ಮುಟ್ಟುವ ಪ್ರಮೇಯ ಬರುವುದಿಲ್ಲ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಕಂಪ್ಯೂಟರ್ ಮ್ಯಾನೇಜ್‌ಮೆಂಟ್' ತೆರೆಯಿರಿ. ಎಡಗಡೆ 'ಲೋಕಲ್ ಯೂಸರ್ಸ್ ಅಂಡ್ ಗ್ರೂಪ್ಸ್', ಅದರೊಳಗೆ 'ಗ್ರೂಪ್ಸ್'. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ 'ನ್ಯೂ ಗ್ರೂಪ್' ಎನ್ನಿ. ಹೆಸರು ಕೊಟ್ಟು, 'ಆಡ್' ಒತ್ತಿ, ಸದಸ್ಯರ ಹೆಸರು ಬರೆದು 'ಚೆಕ್ ನೇಮ್ಸ್' ಒತ್ತಿದರೆ ಹೆಸರಿನ ಕೆಳಗೆ ಗೆರೆ ಮೂಡುತ್ತದೆ, ಸಿಕ್ಕಿತೆಂದು ಅರ್ಥ. ಗ್ರೂಪಿಗೆ ಈಗಾಗಲೇ ಇರುವ ಬಳಕೆದಾರನ ಹೆಸರನ್ನೇ ಇಡಲು ಆಗುವುದಿಲ್ಲ. ಹೋಮ್ ಆವೃತ್ತಿಯಲ್ಲಿ ಈ ಕಿಟಕಿಯೇ ಇಲ್ಲ. ಅಲ್ಲಿ ಆದೇಶಗಳನ್ನು ಬರೆದು ಕೊಡುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ನೆಟ್ ಲೋಕಲ್‌ಗ್ರೂಪ್' ಎಂಬ ಆದೇಶದಿಂದ ಇದೇ ಕೆಲಸ ಮಾಡಿಕೊಳ್ಳಬೇಕು. ಆದೇಶವನ್ನು net localgroup ಎಂದು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

ಇನ್ನು ಫೋಲ್ಡರ್. ಡಿ ಡ್ರೈವ್‌ನಲ್ಲಿ ಲೆಕ್ಕದ ಫೋಲ್ಡರ್ ಇದೆ ಎನ್ನೋಣ. ರೈಟ್ ಕ್ಲಿಕ್, 'ಪ್ರಾಪರ್ಟೀಸ್', 'ಸೆಕ್ಯುರಿಟಿ'. ಆ ಟ್ಯಾಬೇ ಕಾಣದಿದ್ದರೆ ಅದು ಬಹುಶಃ ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್ 32 ಮಾದರಿಯ ಡಿಸ್ಕು. ಪೆನ್ ಡ್ರೈವ್‌ಗಳು ಸಾಮಾನ್ಯವಾಗಿ ಇಂಥವೇ. ಅವುಗಳಲ್ಲಿ ಈ ಬಗೆಯ ಅನುಮತಿ ಎಂಬುದೇ ಇಲ್ಲ. ಟ್ಯಾಬ್ ಇದ್ದರೆ ಮೊದಲು 'ಅಡ್ವಾನ್ಸ್ಡ್' ಒತ್ತಿ, ಮೇಲಿನ ಡ್ರೈವ್‌ನಿಂದ ಅನುಮತಿ ತಾನಾಗಿ ಇಳಿದುಬರುವುದನ್ನು ತಡೆಯುವ 'ಡಿಸೇಬಲ್ ಇನ್‌ಹೆರಿಟೆನ್ಸ್' ಆರಿಸಿ. ಕೇಳುವ ಪ್ರಶ್ನೆಗೆ, ಇರುವ ಅನುಮತಿಗಳನ್ನು ಉಳಿಸಿಕೊಳ್ಳುವ 'ಕನ್ವರ್ಟ್' ಎಂಬ ಮೊದಲ ಆಯ್ಕೆಯೇ ಸರಿ. ಆಮೇಲೆ ಪಟ್ಟಿಯಿಂದ 'ಆಥೆಂಟಿಕೇಟೆಡ್ ಯೂಸರ್ಸ್' ಮತ್ತು 'ಯೂಸರ್ಸ್' ಎರಡನ್ನೂ ತೆಗೆಯಿರಿ. 'ಸಿಸ್ಟಮ್', 'ಅಡ್ಮಿನಿಸ್ಟ್ರೇಟರ್ಸ್' ಇವನ್ನು ಮುಟ್ಟಬೇಡಿ. ಕೊನೆಗೆ ನಿಮ್ಮ ಲೆಕ್ಕದ ಗ್ರೂಪನ್ನು ಸೇರಿಸಿ, ಫೈಲು ತೆರೆಯುವ, ತಿದ್ದುವ, ಅಳಿಸುವ 'ಮಾಡಿಫೈ' ಅನುಮತಿ ಕೊಡಿ. 'ಫುಲ್ ಕಂಟ್ರೋಲ್' ಬೇಡ. ಕೊಟ್ಟರೆ ಅವರು ಅನುಮತಿಗಳನ್ನೇ ಬದಲಿಸಬಲ್ಲರು.

ಅದೇ ಕಿಟಕಿಯಲ್ಲಿ 'ಡಿನೈ' ಎಂಬ ಸಾಲು ಇದೆ. ಅದನ್ನು ಮರೆತುಬಿಡಿ. 'ಬೇರೆ ಯಾರೂ ನೋಡಬಾರದು' ಎಂದು 'ಯೂಸರ್ಸ್' ಗ್ರೂಪಿಗೆ ಡಿನೈ ಹಾಕುವವರಿದ್ದಾರೆ. ಆ ಗ್ರೂಪಿನಲ್ಲಿ ಕಂಪ್ಯೂಟರಿಗೆ ಸೈನ್ ಇನ್ ಆದ ಎಲ್ಲರೂ ಸೇರುತ್ತಾರೆ, ಡಿನೈ ಹಾಕಿದ ಅಡ್ಮಿನಿಸ್ಟ್ರೇಟರೂ ಸೇರಿ. ಒಂದು ಕಡೆ ಅನುಮತಿ, ಇನ್ನೊಂದು ಕಡೆ ನಿರಾಕರಣೆ ನೇರವಾಗಿ ಎದುರಾದರೆ ಗೆಲ್ಲುವುದು ನಿರಾಕರಣೆಯೇ. ಬೇಡದವರಿಗೆ ಅನುಮತಿ ಕೊಡದಿದ್ದರಾಯಿತು, ನಿರಾಕರಿಸುವ ಅಗತ್ಯವಿಲ್ಲ.

ಗ್ರೂಪಿಗೆ ಸೇರಿಸಿದರೂ ಫೋಲ್ಡರ್ ತೆರೆಯುತ್ತಿಲ್ಲ

ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದೇ: ಆ ವ್ಯಕ್ತಿ ಸೈನ್ ಔಟ್ ಆಗಿಲ್ಲ. ಯಾವ ಯಾವ ಗ್ರೂಪಿನಲ್ಲಿದ್ದೀರಿ ಎಂಬ ಪಟ್ಟಿಯನ್ನು ವಿಂಡೋಸ್ ಸೈನ್ ಇನ್ ಹೊತ್ತಿನಲ್ಲಿ ಒಮ್ಮೆ ತಯಾರಿಸುತ್ತದೆ. ನಡುವೆ ಮಾಡಿದ ಬದಲಾವಣೆ ಅದಕ್ಕೆ ಸೇರುವುದಿಲ್ಲ. ಪರದೆ ಲಾಕ್ ಮಾಡಿ ತೆರೆದರೆ ಸಾಲದು, ಪೂರ್ತಿ ಸೈನ್ ಔಟ್ ಆಗಿ ಮತ್ತೆ ಬರಬೇಕು. ಆಗಲೂ ಆಗದಿದ್ದರೆ ಅವರ ಅಕೌಂಟಿನಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆದು 'ಹೂಆಮ್‌ಐ' ಆದೇಶದ ನಂತರ ಓರೆಗೆರೆ ಹಾಕಿ 'ಗ್ರೂಪ್ಸ್' ಎಂದು (whoami /groups) ಕೊಟ್ಟರೆ ವಿಂಡೋಸ್ ಕಣ್ಣಿಗೆ ಅವರು ಯಾವ ಗ್ರೂಪಿನವರು ಎಂಬುದು ಹೊರಬೀಳುತ್ತದೆ.

ಫೋಲ್ಡರ್ ತೆರೆಯುತ್ತದೆ, ಒಳಗಿನ ಒಂದೆರಡು ಫೈಲು ಮಾತ್ರ ತೆರೆಯುವುದಿಲ್ಲ ಎಂದರೆ ಅವು ಬಂದ ದಾರಿ ಕೇಳಿ. ಒಂದೇ ಡ್ರೈವ್‌ನೊಳಗೆ ಕಟ್-ಪೇಸ್ಟ್ ಮಾಡಿದ ಫೈಲು ತನ್ನ ಹಳೆಯ ಅನುಮತಿಗಳನ್ನು ಹೊತ್ತುಕೊಂಡೇ ಬರುತ್ತದೆ. ಕಾಪಿ ಮಾಡಿದ ಫೈಲು ಹೊಸ ಫೋಲ್ಡರಿನ ಅನುಮತಿ ಪಡೆಯುತ್ತದೆ. ಕಾಪಿ ಮಾಡಿ, ಸರಿಯಾಗಿ ತೆರೆಯುವುದನ್ನು ನೋಡಿಕೊಂಡು, ಹಳೆಯದನ್ನು ಅಳಿಸಿದರೆ ಸರಿಹೋಗುತ್ತದೆ.

ಇನ್ನೊಂದು ದೂರು: 'ಸ್ಟ್ಯಾಂಡರ್ಡ್ ಮಾಡಿದ ಮೇಲೆ ನಮ್ಮ ಹಳೆಯ ಸಾಫ್ಟ್‌ವೇರ್ ಓಡುತ್ತಿಲ್ಲ.' ಕೂಡಲೇ ಅವರನ್ನು ಮತ್ತೆ ಅಡ್ಮಿನಿಸ್ಟ್ರೇಟರ್ ಮಾಡಿಬಿಡಬೇಡಿ. ಇಂಥ ಸಾಫ್ಟ್‌ವೇರ್ ಹೆಚ್ಚಾಗಿ ತನ್ನ ಡೇಟಾವನ್ನು 'ಪ್ರೋಗ್ರಾಂ ಫೈಲ್ಸ್' ಒಳಗೆ ಬರೆಯಲು ಹೋಗಿ ಎಡವುತ್ತದೆ. ಡೇಟಾ ಫೋಲ್ಡರನ್ನು ಡಿ ಡ್ರೈವ್‌ಗೆ ಸರಿಸುವ ಸೌಲಭ್ಯ ಇದ್ದರೆ ಸರಿಸಿ. ಇಲ್ಲದಿದ್ದರೆ ಆ ಒಂದು ಡೇಟಾ ಫೋಲ್ಡರಿಗಷ್ಟೇ ಗ್ರೂಪಿಗೆ 'ಮಾಡಿಫೈ' ಕೊಡಿ.

ಪಾಸ್‌ವರ್ಡ್ ತಪ್ಪು ಎನ್ನುತ್ತದೆ

ಮೊದಲು ಪರದೆಯ ಬಲತುದಿಯ ಕೆಳಗೆ ನೋಡಿ. ಅಲ್ಲಿ ಕನ್ನಡ ಕೀಬೋರ್ಡ್ ಆಯ್ಕೆಯಾಗಿದ್ದರೆ ನೀವು ಒತ್ತಿದ್ದೆಲ್ಲ ಕನ್ನಡ ಅಕ್ಷರವಾಗಿ ಚುಕ್ಕಿಗಳ ಹಿಂದೆ ಅಡಗಿರುತ್ತದೆ. ಕಣ್ಣಿನ ಚಿತ್ರವನ್ನು ಒತ್ತಿ ಹಿಡಿದರೆ ಬರೆದದ್ದು ಕಾಣುತ್ತದೆ. ಕ್ಯಾಪ್ಸ್ ಲಾಕ್, ನಮ್ ಲಾಕ್ ಕೂಡ ನೋಡಿಕೊಳ್ಳಿ. ಊಹಿಸುತ್ತಾ ಬಡಿಯಬೇಡಿ: ವಿಂಡೋಸ್ 11ರ 22ಎಚ್2 ಅಥವಾ ನಂತರದ ಆವೃತ್ತಿಯನ್ನು ಹೊಸದಾಗಿ ಹಾಕಿದ್ದರೆ 10 ತಪ್ಪು ಪ್ರಯತ್ನಕ್ಕೆ ಅಕೌಂಟ್ 10 ನಿಮಿಷ ಲಾಕ್ ಆಗುತ್ತದೆ. ಚಹಾ ಕುಡಿದು ಬಂದರೆ ಸಾಕು, ಮೆಕ್ಯಾನಿಕ್‌ನನ್ನು ಕರೆಸಬೇಕಿಲ್ಲ.

ನಿಜಕ್ಕೂ ಮರೆತಿದ್ದರೆ, ತಪ್ಪು ಪಾಸ್‌ವರ್ಡ್ ಕೊಟ್ಟ ಮೇಲೆ ಕಾಣುವ 'ರಿಸೆಟ್ ಪಾಸ್‌ವರ್ಡ್' ಒತ್ತಿ ಭದ್ರತಾ ಪ್ರಶ್ನೆಗಳಿಗೆ ಉತ್ತರಿಸಿ. ಅದೂ ಆಗದಿದ್ದರೆ ಅಡ್ಮಿನಿಸ್ಟ್ರೇಟರ್ 'ಕಂಪ್ಯೂಟರ್ ಮ್ಯಾನೇಜ್‌ಮೆಂಟ್'ನಲ್ಲಿ ಆ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಸೆಟ್ ಪಾಸ್‌ವರ್ಡ್' ಕೊಡಬಹುದು. ವಿಂಡೋಸ್ ಆಗ ಒಂದು ಎಚ್ಚರಿಕೆ ತೋರಿಸುತ್ತದೆ, ಓದಿ. ಹೀಗೆ ಹೊರಗಿನಿಂದ ಬದಲಿಸಿದರೆ ಆ ವ್ಯಕ್ತಿ ವಿಂಡೋಸ್‌ನಲ್ಲೇ ಎನ್‌ಕ್ರಿಪ್ಟ್ ಮಾಡಿಟ್ಟ ಫೈಲುಗಳು, ಉಳಿಸಿಟ್ಟ ಪಾಸ್‌ವರ್ಡ್‌ಗಳು ಕೈತಪ್ಪಬಹುದು. ಹಳೆಯದನ್ನು ಕೊಟ್ಟು ತಾವೇ ಬದಲಿಸಿಕೊಂಡರೆ ಈ ನಷ್ಟವಿಲ್ಲ.

ಡೆಸ್ಕ್‌ಟಾಪ್ ಖಾಲಿ, ಫೈಲುಗಳೆಲ್ಲ ಮಾಯ

ಸೈನ್ ಇನ್ ಆದೊಡನೆ ಹೊಸ ಕಂಪ್ಯೂಟರಿನಂತೆ ಖಾಲಿ ಪರದೆ, ಜೊತೆಗೆ ತಾತ್ಕಾಲಿಕ ಪ್ರೊಫೈಲ್ ಎಂಬ ಸಂದೇಶ ಬಂದರೆ ಕೈಯನ್ನು ಕೀಬೋರ್ಡಿನಿಂದ ತೆಗೆಯಿರಿ. ನಿಮ್ಮ ಫೋಲ್ಡರನ್ನು ತೆರೆಯಲಾಗದೆ ವಿಂಡೋಸ್ ಆ ಹೊತ್ತಿಗೊಂದು ಬೇರೆ ಫೋಲ್ಡರ್ ಕೊಟ್ಟಿದೆ. ಈಗ ಡೆಸ್ಕ್‌ಟಾಪ್ ಮೇಲೆ ಉಳಿಸಿದ್ದೆಲ್ಲ ಸೈನ್ ಔಟ್ ಆದಾಗ ಅಳಿಸಿಹೋಗುತ್ತದೆ. ರೀಸ್ಟಾರ್ಟ್ ಮಾಡಿ ನೋಡಿ, ಹಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಹೋಗದಿದ್ದರೆ ಅಡ್ಮಿನಿಸ್ಟ್ರೇಟರ್ ಅಕೌಂಟಿನಿಂದ ಸಿ ಡ್ರೈವ್‌ನ 'ಯೂಸರ್ಸ್' ಒಳಗಿನ ಹಳೆಯ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯ 'ಪ್ರೊಫೈಲ್ ಲಿಸ್ಟ್' ತಿದ್ದುವ ಉಪಾಯವೂ ಇದೆ. ರಿಜಿಸ್ಟ್ರಿ ಪರಿಚಯ ಇಲ್ಲದವರು ಅದರ ಗೋಜಿಗೆ ಹೋಗದೆ, ಹೊಸ ಅಕೌಂಟ್ ಮಾಡಿ ಫೈಲುಗಳನ್ನು ಅಲ್ಲಿಗೆ ತರುವುದೇ ಲೇಸು.

ಕೆಲಸ ಬಿಟ್ಟವರ ಅಕೌಂಟ್

ಇದನ್ನು ಅಳಿಸುವ ಆತುರ ಬಹಳ ಜನಕ್ಕೆ. ಬಳಕೆದಾರರನ್ನು ವಿಂಡೋಸ್ ಗುರುತಿಸುವುದು ಹೆಸರಿನಿಂದಲ್ಲ, ಎಸ್‌ಐಡಿ ಎಂಬ ಸಂಖ್ಯೆಯಿಂದ. ಮದುವೆಯಾಗಿ ಹೆಸರು ಬದಲಾದರೂ ಆಧಾರ್ ಸಂಖ್ಯೆ ಬದಲಾಗದ ಹಾಗೆ, ಅಕೌಂಟಿನ ಹೆಸರು ತಿದ್ದಿದರೂ ಎಸ್‌ಐಡಿ ಅದೇ ಇರುತ್ತದೆ. ಅಳಿಸಿ ಮತ್ತೆ ಅದೇ ಹೆಸರಲ್ಲಿ ಮಾಡಿದರೆ ಸಂಖ್ಯೆ ಬೇರೆ. ಬಿಟ್ಟುಹೋದವರು ತಿಂಗಳ ಮೇಲೆ ವಾಪಸ್ ಬಂದಾಗ ಹಳೆಯ ಹೆಸರಲ್ಲೇ ಅಕೌಂಟ್ ಮಾಡಿಕೊಟ್ಟರೂ ಅವರ ಹಳೆಯ ಫೋಲ್ಡರ್ ಅವರಿಗೆ ಬಾಗಿಲು ತೆರೆಯುವುದಿಲ್ಲ. 'ಸೆಕ್ಯುರಿಟಿ' ಟ್ಯಾಬಿನಲ್ಲಿ ಎಸ್-1-5-21 ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಕಂಡರೆ ಅದು ಹೀಗೆ ಅಳಿದುಹೋದ ಅಕೌಂಟಿನ ಗುರುತಾಗಿರುವ ಸಂಭವ ಹೆಚ್ಚು.

ಆದ್ದರಿಂದ ಹೊರಟವರ ಅಕೌಂಟನ್ನು ಕೊನೆಯ ದಿನವೇ 'ಕಂಪ್ಯೂಟರ್ ಮ್ಯಾನೇಜ್‌ಮೆಂಟ್'ನಲ್ಲಿ ತೆರೆದು 'ಅಕೌಂಟ್ ಈಸ್ ಡಿಸೇಬಲ್ಡ್' ಎಂಬಲ್ಲಿ ಗುರುತು ಹಾಕಿ, ಗ್ರೂಪ್‌ಗಳಿಂದ ತೆಗೆಯಿರಿ. ಲೆಕ್ಕಪತ್ರ ಪರಿಶೋಧನೆ ಮುಗಿಯುವವರೆಗೆ ಹಾಗೇ ಇರಲಿ. ಅಳಿಸುವ ದಿನ ಬಂದಾಗ ಸೆಟ್ಟಿಂಗ್ಸ್‌ನಲ್ಲಿ 'ರಿಮೂವ್' ಒತ್ತಿದರೆ ಅವರ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲವೂ ಜೊತೆಗೇ ಹೋಗುತ್ತವೆ. ಹಾಗಾಗಿ ಮೊದಲೇ ಕಾಪಿ ತೆಗೆಯಿರಿ. ಕಂಟ್ರೋಲ್ ಪ್ಯಾನೆಲ್ ಮೂಲಕ ಅಳಿಸಿದರೆ 'ಕೀಪ್ ಫೈಲ್ಸ್' ಎಂಬ ಆಯ್ಕೆ ಸಿಗುತ್ತದೆ, ಆದರೆ ಅದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ನಂಥ ಕೆಲವನ್ನಷ್ಟೇ ಉಳಿಸುತ್ತದೆ. ಇಮೇಲ್ ಸಂದೇಶಗಳನ್ನು ಉಳಿಸುವುದಿಲ್ಲ. ಆಫೀಸಿನ ಪತ್ರವ್ಯವಹಾರ ಅವರ ಅಕೌಂಟಿನ ಔಟ್‌ಲುಕ್‌ನಲ್ಲಿದ್ದರೆ ಅದರ ಕಡತವನ್ನು ಬೇರೆಯಾಗಿ ಎತ್ತಿಟ್ಟುಕೊಂಡೇ ಅಳಿಸಿ.